ಕುಯ್ಲು ಶುರುವಾದರೆ ಪ್ಲಾನ್ ಮಣ್ಣುಪಾಲು, ಸಿಟ್ಟು ಮೂಗಿನ ತುದೀಲಿ: ತೋಟ, ಓದು, ಮನಸ್ಸು ಮೂರನ್ನೂ ಸಂಭಾಳಿಸೋದು ಹೇಗೆ?

ಹಾತೂರಿನವನು:

ಎಲ್ಲರಿಗೂ ನಮಸ್ಕಾರ. ಕೊಡಗಿನ ಗೋಣಿಕೊಪ್ಪದ ಹತ್ತಿರ ಎಂಟು ಎಕರೆ ರೋಬಸ್ಟಾ ಕಾಫಿ, ನೆರಳಿನ ಮರಗಳಿಗೆ ಹಬ್ಬಿಸಿದ ಕರಿಮೆಣಸು. ತೋಟದ ಉಸ್ತುವಾರಿ ನನ್ನದೇ. ಜೊತೆಗೆ ಮುಕ್ತ ವಿಶ್ವವಿದ್ಯಾಲಯದ ಎಂ.ಕಾಂ. ಓದು. ಮೂರು ತೊಂದರೆ ಹೇಳ್ತೀನಿ, ತಿಳಿದವರು ದಾರಿ ಹೇಳಿ.

ಪ್ರತಿ ಜನವರಿ 1ಕ್ಕೆ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸ್ತೀನಿ, ಸಂಕ್ರಾಂತಿ ಹೊತ್ತಿಗೆ ಅದರ ಕಡೆ ಕಣ್ಣೆತ್ತಿಯೂ ನೋಡಲ್ಲ. ಸಾಯಂಕಾಲ ಕಣದಲ್ಲಿ ಹಣ್ಣು ತೂಗೋ ಹೊತ್ತಿಗೆ ತಲೆ ಕೆಟ್ಟುಹೋಗುತ್ತೆ, ಆಳುಗಳ ಮೇಲೆ, ಮೇಸ್ತ್ರಿ ಮೇಲೆ ರೇಗಾಡಿ, ಅದೇ ಬಿಸಿಯಲ್ಲಿ ಮನೆಗೆ ಬಂದು ಅವ್ವನ ಹತ್ತಿರವೂ ಜೋರುಮಾತು. ಇನ್ನು ಮಳೆಗಾಲದಲ್ಲಿ ಸಮಯ ಬೇಕಾದಷ್ಟಿರುತ್ತೆ, ಆದರೆ ಪುಸ್ತಕ ಮುಟ್ಟೋಕೆ ಮನಸ್ಸಿರಲ್ಲ, ಕರೆಂಟೂ ಇರಲ್ಲ.

"ಮನಸ್ಸು ಗಟ್ಟಿ ಮಾಡ್ಕೋ" ಅನ್ನೋ ಉಪದೇಶ ಬೇಡ, ಅದು ಮನೆಯಲ್ಲೇ ಬೇಕಾದಷ್ಟು ಸಿಗ್ತಿದೆ.

ನಾಲ್ಕುನಾಡು:

ಮೊದಲು ಆ ಟೈಮ್‌ಟೇಬಲ್ ಗೋಡೆಯಿಂದ ಕಿತ್ತುಹಾಕಿ. ತಪ್ಪು ನಿಮ್ಮ ಶಿಸ್ತಿನದ್ದಲ್ಲ, ತಾರೀಕಿನದ್ದು. ರೋಬಸ್ಟಾ ತೋಟದವರಿಗೆ ಜನವರಿ ಅಂದರೆ ವರ್ಷದಲ್ಲೇ ಉಸಿರಾಡೋಕೆ ಪುರುಸೊತ್ತಿಲ್ಲದ ತಿಂಗಳು. ಕುಯ್ಲು, ಕಣದಲ್ಲಿ ಹಣ್ಣು ಹರವೋದು, ದಿನಕ್ಕೆ ನಾಲ್ಕು ಸಲ ಕೈಯಾಡಿಸೋದು, ಅದು ಮುಗಿಯೋದ್ರೊಳಗೆ ಹೂವಿಗೆ ನೀರು ಕೊಡಲು ಸ್ಪ್ರಿಂಕ್ಲರ್ ಪೈಪ್ ಎಳೆಯೋದು, ಅದರ ಬೆನ್ನಿಗೇ ಮೆಣಸು. ಪಟ್ಟಣದ ಆಫೀಸಿನವರ ಹೊಸ ವರ್ಷದ ಸಂಕಲ್ಪ ಇಲ್ಲಿ ನಿಲ್ಲೋದೇ ಇಲ್ಲ.

ಹೊಸದಾಗಿ ಶುರು ಮಾಡೋಕೆ ಒಂದು ಗಡಿದಿನ ಇದ್ದರೆ ಅನುಕೂಲ ಅನ್ನೋದು ನಿಜ. ಡಾಯ್, ಮಿಲ್ಕ್‌ಮನ್, ರೀಸ್ ಎಂಬ ಮೂವರು ಸಂಶೋಧಕರು 2014ರಲ್ಲಿ ಇದನ್ನು ತೋರಿಸಿದ್ದಾರೆ: ವಾರದ ಮೊದಲು, ತಿಂಗಳ ಮೊದಲು, ಹುಟ್ಟುಹಬ್ಬ, ಇಂಥ ದಿನಗಳಾದ ಕೂಡಲೇ ಜನ ಗುರಿಯ ಕೆಲಸಕ್ಕೆ ಹೆಚ್ಚು ಕೈಹಾಕ್ತಾರೆ. ಅದು ಜನವರಿ 1 ಆಗಬೇಕು ಅಂತೇನಿಲ್ಲ. ಕೊಡಗಿನಲ್ಲಿ ಗಡಿದಿನಗಳಿಗೆ ಬರವೇ? ಏಪ್ರಿಲ್ 14ರ ಎಡಮ್ಯಾರ್ (ಕೊಡವರ ಹೊಸ ವರ್ಷ), ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ (ಆಯುಧ ಪೂಜೆಯ ಹಬ್ಬ), ಅಕ್ಟೋಬರ್ 17-18ರ ತುಲಾ ಸಂಕ್ರಮಣ, ಆಮೇಲೆ ಭತ್ತದ ಸುಗ್ಗಿ ಹಬ್ಬ ಪುತ್ತರಿ. ನಿಮ್ಮಂಥವರಿಗೆ ವರ್ಷ ಶುರುವಾಗಬೇಕಾದ್ದು ಕೈಲ್‌ಪೊಳ್ದಿಗೆ. ಮಳೆಯ ಜೋರು ಇಳಿದಿರುತ್ತೆ, ಕುಯ್ಲಿಗೆ ಇನ್ನೂ ಮೂರು ತಿಂಗಳಿರುತ್ತೆ.

ಆಮೇಲೆ ವರ್ಷವಿಡೀ ಒಂದೇ ಅಳತೆ ಇಡಬೇಡಿ. ಜೂನ್‌ನಿಂದ ನವೆಂಬರ್‌ವರೆಗೆ ವಾರಕ್ಕೆ 10 ಗಂಟೆ ಓದು ಅಂತಿಡಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ದಿನಕ್ಕೆ 20 ನಿಮಿಷ, ಅಷ್ಟೇ. ಈ 20 ನಿಮಿಷ ಪಾಠ ಮುಗಿಸೋಕಲ್ಲ, ಓದಿದ್ದು ಮರೆಯದ ಹಾಗೆ ನೋಡಿಕೊಳ್ಳೋಕೆ. ಏಪ್ರಿಲ್-ಮೇ ಮದುವೆ ಕಾಲ, 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬವೂ ಅದೇ ಹೊತ್ತಿಗೆ. ಸಾಯಂಕಾಲಗಳನ್ನು ಲೆಕ್ಕಕ್ಕೇ ಹಿಡಿಯದೆ ಬೆಳಗಿನ ಹೊತ್ತು ಮಾತ್ರ ಇಟ್ಟುಕೊಳ್ಳಿ.

ಗುರಿ ಬರೆಯೋ ರೀತಿಯೂ ಮುಖ್ಯ. "ಚೆನ್ನಾಗಿ ಓದಬೇಕು" ಅನ್ನೋದು ಗುರಿಯಲ್ಲ, ಹಾರೈಕೆ. ಲಾಕ್ ಮತ್ತು ಲೇಥಮ್ ಎಂಬ ಮನಶ್ಶಾಸ್ತ್ರಜ್ಞರು ದಶಕಗಟ್ಟಲೆ ಮಾಡಿದ ಕೆಲಸದ ಸಾರವೇ ಇದು: "ಕೈಲಾದಷ್ಟು ಮಾಡು" ಅಂದಾಗಿನದಕ್ಕಿಂತ, ಇಂತಿಷ್ಟು ಅಂತ ಗೊತ್ತುಮಾಡಿದ, ಸ್ವಲ್ಪ ಕಷ್ಟದ ಗುರಿ ಕೊಟ್ಟಾಗ ಜನ ಹೆಚ್ಚು ಮಾಡ್ತಾರೆ. ಆದರೆ ಆ ಗುರಿಗೆ ಮನಸ್ಸು ಒಪ್ಪಿರಬೇಕು, ಎಲ್ಲಿವರೆಗೆ ಬಂದಿದ್ದೀವಿ ಅಂತ ಆಗಾಗ ತಿಳೀತಿರಬೇಕು. ಹಾಗಾಗಿ "ತುಲಾ ಸಂಕ್ರಮಣದೊಳಗೆ ಕಾಸ್ಟ್ ಅಕೌಂಟಿಂಗ್‌ನ ಮೊದಲ ನಾಲ್ಕು ಘಟಕ, ಪ್ರತಿ ಘಟಕಕ್ಕೆ 10 ಲೆಕ್ಕ" ಅಂತ ಬರೀರಿ.

ಅದರ ಕೆಳಗೆ ಯಾವಾಗ, ಯಾವುದರ ಬೆನ್ನಿಗೆ ಅನ್ನೋದನ್ನು "ಹೀಗಾದರೆ, ಹೀಗೆ ಮಾಡೋದು" ಅನ್ನೋ ರೂಪದಲ್ಲಿ ಬರೀರಿ. "ಬೆಳಗಿನ ಕಾಪಿ ಲೋಟ ಕೆಳಗಿಟ್ಟಿದ್ದಾದರೆ, ಒಂದು ಲೆಕ್ಕ ಬಿಡಿಸೋದು." "ಆಳುಗಳ ಜೀಪು ತಡವಾದರೆ, ಜೇಬಿನಲ್ಲಿರೋ ಸೂತ್ರದ ಚೀಟಿ ತೆಗೆಯೋದು." ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ 1999ರಲ್ಲಿ ಈ ವಿಧಾನದ ಬಗ್ಗೆ ವಿವರವಾಗಿ ಬರೆದಿದ್ದಾರೆ. ಯಾವಾಗ ಮಾಡಲಿ ಅನ್ನೋ ನಿರ್ಧಾರ ಮೊದಲೇ ಆಗಿಹೋಗಿರೋದ್ರಿಂದ, ಆ ಗಳಿಗೆ ಬಂದಾಗ ಮನಸ್ಸಿನ ಜೊತೆ ಚೌಕಾಸಿ ಇರಲ್ಲ. ಇಲ್ಲಿ ಕೆಡೋದು ಒಂದೇ ಕಡೆ: "ಬಿಡುವಾದರೆ ಓದ್ತೀನಿ" ಅಂತ ಬರೆಯೋದು. ಬಿಡುವು ಕಣ್ಣಿಗೆ ಕಾಣೋ ಸಂಗತಿಯಲ್ಲ, ಕಾಪಿ ಲೋಟ ಕಾಣುತ್ತೆ.

21 ದಿನದಲ್ಲಿ ಅಭ್ಯಾಸ ಕೂತುಬಿಡುತ್ತೆ ಅನ್ನೋ ಮಾತು ನಂಬಬೇಡಿ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ 66 ದಿನ ಬೇಕಾಯಿತು, ಒಬ್ಬೊಬ್ಬರಿಗೆ ಒಂದೊಂದು ರೀತಿ, 18ರಿಂದ 254ರವರೆಗೆ. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೂ ಆಗಲಿಲ್ಲ.

ಕಾಫಿಕಾಡು:

ಪ್ಲಾನ್ ಎಲ್ಲ ಸರಿ. ಸಿಟ್ಟನ್ನ ಮಾತ್ರ ಒಳಗಿಟ್ಟುಕೊಳ್ಳಬೇಡಿ ಮಾರಾಯ್ರೇ, ಬಿಪಿ ಬರುತ್ತೆ. ತೋಟದ ಮೂಲೆಗೆ ಹೋಗಿ ನಾಲ್ಕು ಕೂಗು ಹಾಕಿ, ಇಲ್ಲಾಂದ್ರೆ ಅರ್ಧ ಗಂಟೆ ಸೌದೆ ಒಡೀರಿ. ಎಲ್ಲಾ ಹೊರಗೆ ಹೋಗುತ್ತೆ.

ಕಣದ ಲೆಕ್ಕ:

ಸೌದೆ ಒಡೆದರೆ ಸೌದೆಯಾಗುತ್ತೆ, ಸಿಟ್ಟು ಇಳಿಯಲ್ಲ. ಬ್ರಾಡ್ ಬುಷ್‌ಮನ್ ಎಂಬ ಸಂಶೋಧಕರು 2002ರಲ್ಲಿ ಇದನ್ನೇ ಪರೀಕ್ಷಿಸಿದರು. ಸಿಟ್ಟು ಬರಿಸಿದವನನ್ನು ನೆನೆಯುತ್ತಾ ಗುದ್ದುಚೀಲಕ್ಕೆ ಗುದ್ದಿದವರಿಗಿಂತ ಏನೂ ಮಾಡದೆ ಸುಮ್ಮನೆ ಕೂತವರ ಸಿಟ್ಟೇ ಕಡಿಮೆ ಇತ್ತು. ಕೂಗುತ್ತಾ ಅದನ್ನೇ ನೆನೆದರೆ ಸಿಟ್ಟಿಗೆ ತಾಲೀಮು ಕೊಟ್ಟಂತೆ. ಒಳಗಿಟ್ಟು ಕುದಿಯೋದೂ ಪರಿಹಾರವಲ್ಲ, ಅಲ್ಲಿ ನಿಮ್ಮ ಮಾತು ಒಪ್ಪುತ್ತೇನೆ.

ಜೇಮ್ಸ್ ಗ್ರಾಸ್ ಎಂಬ ಮನಶ್ಶಾಸ್ತ್ರಜ್ಞ 1998ರಲ್ಲಿ ಒಂದು ಚೌಕಟ್ಟು ಕೊಟ್ಟರು. ಭಾವನೆ ಹುಟ್ಟೋ ದಾರಿಯಲ್ಲಿ ಐದು ಕಡೆ ನಾವು ಕೈಹಾಕಬಹುದು: ಯಾವ ಸನ್ನಿವೇಶಕ್ಕೆ ಹೋಗ್ತೀವಿ, ಅದನ್ನು ಹೇಗೆ ಬದಲಿಸ್ತೀವಿ, ಗಮನ ಎಲ್ಲಿಡ್ತೀವಿ, ಅದಕ್ಕೆ ಏನು ಅರ್ಥ ಕೊಡ್ತೀವಿ, ಕೊನೆಗೆ ಬಂದ ಭಾವನೆಯನ್ನು ಹೇಗೆ ತೋರಿಸ್ತೀವಿ. ಎಲ್ಲರೂ ಹಲ್ಲು ಕಚ್ಚಿ ಹಿಡಿಯೋದು ಕೊನೆಯದನ್ನೇ. ಸಿಟ್ಟು ಬಂದಾದ ಮೇಲೆ ತಡೆಯೋಕೆ ಎಲ್ಲಕ್ಕಿಂತ ಹೆಚ್ಚು ಶಕ್ತಿ ಬೇಕು, ಫಲ ಎಲ್ಲಕ್ಕಿಂತ ಕಡಿಮೆ. ನೀವು ಎರಡನೆಯದಕ್ಕೆ ಕೈಹಾಕಿ. ಅಂದರೆ ಮನಸ್ಸನ್ನು ಬಿಡಿ, ತಕ್ಕಡಿ ಸುತ್ತ ಏನು ನಡೀತಿದೆ ನೋಡಿ.

ತೂಕದ ಹೊತ್ತಿನ ಜಗಳಗಳು ಬಹುಪಾಲು ನಾಲ್ಕೇ ವಿಷಯಕ್ಕೆ: ಗೋಣಿಯ ತೂಕಕ್ಕೆ ಎಷ್ಟು ಕಳೀತೀರಿ, ಎಲೆ-ಕಡ್ಡಿ, ಹಸಿಕಾಯಿ, ಮತ್ತು ತಕ್ಕಡಿ ತೋರಿಸಿದ್ದೆಷ್ಟು. ನಾಲ್ಕನ್ನೂ ಬೆಳಿಗ್ಗೆಯೇ ತೀರಿಸಬಹುದು. ಹಾಜರಿ ಕರೆಯೋವಾಗ ಎಲ್ಲರೆದುರು ಖಾಲಿ ಗೋಣಿ ತೂಗಿ, ಅಂಕಿ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೀರಿ. ಇಬ್ಬನಿಗೆ ನೆನೆದ ಗೋಣಿ ಒಣಗಿದ್ದಕ್ಕಿಂತ ಭಾರ, ಆದ್ದರಿಂದ ಅವತ್ತಿನ ಗೋಣಿಯನ್ನೇ ತೂಗಬೇಕು, ಹೋದ ವರ್ಷದ ಅಂಕಿ ಹಿಡಿದು ಕೂರಬಾರದು. ಗೊತ್ತಿರೋ ತೂಕದ ಒಂದು ಕಲ್ಲಿಟ್ಟುಕೊಂಡು ದಿನಾ ತಕ್ಕಡಿಗೆ ನೇತುಹಾಕಿ ಸರಿ ಇದೆಯಾ ನೋಡಿ.

ಹಸಿಕಾಯಿ ವಿಷಯಕ್ಕೆ "ಪೂರಾ ಕಾಯೇ ತಂದಿದ್ದೀಯ" ಅಂತ ಕೂಗೋ ಬದಲು ಚೀಲದ ನಡುವಿಂದ 100 ಹಣ್ಣು ತೆಗೆದು ಎಣಿಸಿ. ಎಷ್ಟಕ್ಕೆ ಮಿತಿ ಅನ್ನೋದು ಬೆಳಿಗ್ಗೆಯೇ ಹೇಳಿರಬೇಕು. ಮೀರಿದರೆ ಆ ಚೀಲ ಪಕ್ಕಕ್ಕೆ, ಕುಯ್ದವರೇ ಆರಿಸಿಕೊಡಲಿ, ಆಮೇಲೆ ತೂಕ. ಕೂಲಿಯಲ್ಲಿ ಕಡಿತ ಅಂದ ಕೂಡಲೇ ಅವಮಾನದ ಮಾತಾಗುತ್ತೆ. ಆರಿಸಿ ಕೊಡು ಅಂದರೆ ಬರೀ ಕೆಲಸ.

ತೂಕದ ಅಂಕಿಯನ್ನು ಕುಯ್ದವರೇ ಓದಿ ಗಟ್ಟಿಯಾಗಿ ಹೇಳಲಿ, ಮೇಸ್ತ್ರಿ ಬರೆಯಲಿ, ಅವರ ಚೀಟಿಯಲ್ಲೂ ಅದೇ ಅಂಕಿ ಬೀಳಲಿ. ಕತ್ತಲಾಗೋ ಮುಂಚೆ, ನಾಲ್ಕು ಗಂಟೆಗೇ ಶುರು ಮಾಡಿ. ಮಬ್ಬಿನಲ್ಲಿ ಟಾರ್ಚ್ ಹಿಡಿದು ಅಂಕಿ ಓದೋದೂ ಅರ್ಧ ಜಗಳಕ್ಕೆ ಕಾರಣ. ಇನ್ನೊಂದು ಸಣ್ಣ ಮಾತು: ಮೂರೂವರೆಗೆ ಏನಾದರೂ ತಿನ್ನಿ. ಮಧ್ಯಾಹ್ನ ಊಟ ತಪ್ಪಿಸಿಕೊಂಡು ತಕ್ಕಡಿ ಮುಂದೆ ನಿಂತ ಸಾಹುಕಾರರ ಸಿಟ್ಟಿಗೆ ಮನಶ್ಶಾಸ್ತ್ರ ಬೇಡ, ಎರಡು ಕಡುಬು ಸಾಕು.

ಹಾತೂರಿನವನು:

ಗೋಣಿ ತೂಗೋ ಮಾತು ಹೊಳೆದೇ ಇರಲಿಲ್ಲ, ಧನ್ಯವಾದ ಅಣ್ಣ. ಆದರೆ ನನ್ನ ಕಷ್ಟ ಏನಂದ್ರೆ, ಸಿಟ್ಟು ಬಂದಿದೆ ಅಂತ ಗೊತ್ತಾಗೋದೇ ಕೂಗಾಡಿ ಮುಗಿದ ಮೇಲೆ. ಅದಕ್ಕೇನು ಮಾಡ್ತೀರಿ?

ಮಡಿಕೇರಿ ಅಕ್ಕ:

ಸಿಟ್ಟು ದಿಢೀರಂತ ಬಂದ ಹಾಗೆ ಅನಿಸುತ್ತೆ, ಆದರೆ ಮೈಗೆ ಮೊದಲೇ ಗೊತ್ತಿರುತ್ತೆ. ಕೆಲವರಿಗೆ ಕಿವಿ ಬಿಸಿಯಾಗುತ್ತೆ, ಕೆಲವರಿಗೆ ದವಡೆ ಬಿಗಿಯುತ್ತೆ, ಕೆಲವರ ಮಾತಿನ ವೇಗ ಏರುತ್ತೆ. ಹೊರಗಿನವರಿಗೂ ಕಾಣೋ ಗುರುತು ಬೇಕಾದರೆ ಇದು: ಒಂದೇ ವಾಕ್ಯವನ್ನು ಎರಡನೇ ಸಲ, ಮೊದಲಿಗಿಂತ ಜೋರಾಗಿ ಹೇಳ್ತಿದ್ದೀರಾ? ಅಲ್ಲೇ ನಿಲ್ಲಿಸಿ. ನಿಮ್ಮ ಗುರುತು ಯಾವುದು ಅಂತ ತಿಳಿಯೋಕೆ ಎರಡು ವಾರ, ರೇಗಿದ ಪ್ರತಿ ಸಲ ರಾತ್ರಿ ಒಂದೇ ಸಾಲು ಬರೀರಿ: ಎಷ್ಟು ಗಂಟೆ, ಎದುರಿಗೆ ಯಾರು, ಅದಕ್ಕೆ ತುಸು ಮುಂಚೆ ಏನಾಯ್ತು, ಮೈಯಲ್ಲಿ ಎಲ್ಲಿ ಗೊತ್ತಾಯ್ತು. ಯಾರದ್ದು ತಪ್ಪು ಅಂತ ಬರೆಯಬೇಡಿ. ಬರೆದರೆ ಅದು ದೂರಿನ ಪುಸ್ತಕವಾಗಿ, ಓದಿದಾಗೆಲ್ಲ ಮತ್ತೆ ಸಿಟ್ಟು ಬರುತ್ತೆ.

ಆಮೇಲೆ ಬಂದ ಭಾವನೆಗೆ ಸರಿಯಾದ ಹೆಸರು ಹಿಡೀರಿ. ಮ್ಯಾಥ್ಯೂ ಲೀಬರ್‌ಮನ್ ತಂಡದ 2007ರ ಮೆದುಳಿನ ಸ್ಕ್ಯಾನ್ ಅಧ್ಯಯನದಲ್ಲಿ, ಎದುರಿನ ಮುಖದಲ್ಲಿ ಕಂಡ ಭಾವನೆಯನ್ನು ಪದದಲ್ಲಿ ಗುರುತಿಸಿದಾಗ ಅಮಿಗ್ಡಲದ ಚಟುವಟಿಕೆ ಇಳಿದಿತ್ತು. ಅದು ಮೆದುಳಿನಲ್ಲಿ ಭಯ, ಅಪಾಯಕ್ಕೆ ಎಚ್ಚೆತ್ತುಕೊಳ್ಳೋ ಭಾಗ. ತೋಟದವರಿಗೆ ಇದರ ಉಪಯೋಗ ಇನ್ನೂ ಹೆಚ್ಚು, ಯಾಕಂದ್ರೆ ಕಣದಲ್ಲಿ ಸಿಟ್ಟು ಅಂತ ಕಾಣೋದು ಎಷ್ಟೋ ಸಲ ಸಿಟ್ಟೇ ಅಲ್ಲ. ಅರ್ಧ ಒಣಗಿದ ಹಣ್ಣು ಹರವಿದೆ, ಪಡುವಣದಲ್ಲಿ ಮೋಡ ಕಟ್ಟಿದೆ, ಮೇಸ್ತ್ರಿ ನಿಧಾನ ಮಾಡ್ತಿದ್ದಾನೆ. ಅಲ್ಲಿರೋದು ಭಯ. ಸಿಟ್ಟು ಅಂದುಕೊಂಡರೆ ಮೇಸ್ತ್ರಿಗೆ ಬೈಗುಳ, ಭಯ ಅಂದುಕೊಂಡರೆ ಮೂರು ಗಂಟೆಗೇ ಟಾರ್ಪಾಲು ಕಣದ ಅಂಚಿಗೆ ಬಂದಿರುತ್ತೆ. ಶನಿವಾರದ ಕೂಲಿಗೆ ದುಡ್ಡು ಹೊಂದಿಸೋ ಚಿಂತೆ, ಬ್ಯಾಂಕಿನ ಕಂತು, ಇವೂ ಸಿಟ್ಟಿನ ವೇಷದಲ್ಲೇ ಬರೋದು.

ಆ ಗಳಿಗೆಗೆ ಉಸಿರು: ಮೂಗಿನಿಂದ ಒಂದು ಉಸಿರು ಎಳೆದು, ಬಿಡೋ ಮೊದಲೇ ಇನ್ನೊಂದು ಸಣ್ಣದು ಎಳೆದು, ಬಾಯಿಂದ ನಿಧಾನಕ್ಕೆ ಪೂರ್ತಿ ಬಿಡಿ. ಬಿಡೋದು ಎಳೆದದ್ದಕ್ಕಿಂತ ಉದ್ದ ಇರಬೇಕು. ಮೂರು ಸಲ ಸಾಕು. ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇದನ್ನು ದಿನಕ್ಕೆ 5 ನಿಮಿಷದಂತೆ ಒಂದು ತಿಂಗಳು ಮಾಡಿಸಿದ್ದರು, ಮನಸ್ಸಿನ ಲವಲವಿಕೆ ಹೆಚ್ಚಿತ್ತು. ಬೆಳಿಗ್ಗೆ ಶಾಂತವಾಗಿರುವಾಗ ಅಭ್ಯಾಸ ಮಾಡದೆ ನೇರ ಜಗಳದ ಮಧ್ಯೆ ನೆನಪಾಗಲಿ ಅಂದರೆ ಆಗಲ್ಲ. ತಲೆ ಸುತ್ತಿದರೆ ಜೋರಾಗಿ ಎಳೀತಿದ್ದೀರಿ ಅಂತ ಅರ್ಥ, ನಿಧಾನ ಮಾಡಿ.

ಅವ್ವನ ವಿಷಯ. ಕಣದಿಂದ ನೇರ ಅಡುಗೆಮನೆಗೆ ಹೋಗಬೇಡಿ. ನಡುವೆ ಹತ್ತು ನಿಮಿಷದ ತಡೆ ಇರಲಿ: ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಜಗಲಿಯಲ್ಲಿ ಕೂತು ಕಾಪಿ. ಕಾಪಿ ಮುಗಿಯೋವರೆಗೆ ತೋಟದ ಲೆಕ್ಕದ ಮಾತು ಬೇಡ ಅಂತ ಮನೆಯವರಿಗೂ ಮೊದಲೇ ಹೇಳಿಡಿ. ಜೋರುಮಾತು ಬಂದೇಬಿಟ್ಟರೆ ಅವತ್ತೇ ಮಲಗೋ ಮೊದಲು "ಅವ್ವ, ಆಗ ಹಾಗೆ ಹೇಳಬಾರದಿತ್ತು" ಅಂತಿಷ್ಟೇ ಹೇಳಿ. ಅದರ ಬಾಲಕ್ಕೆ "ಆದರೆ ನೀವೂ..." ಸೇರಿಸಿದರೆ ಕ್ಷಮೆ ಅಲ್ಲ, ಎರಡನೇ ಸುತ್ತು.

ಬಿಟ್ಟಂಗಾಲ ಮೇಷ್ಟ್ರು:

ಓದಿನ ಭಾಗಕ್ಕೆ ನನ್ನ ಉತ್ತರ.

ಮೂರು ಕೆಲಸದ ದಿನ, ಒಂದು ಸಂತೆ ದಿನ, ಒಟ್ಟು ನಾಲ್ಕು ದಿನ ಅರ್ಧ ಗಂಟೆಗೊಂದು ಸಾಲಿನಂತೆ ಏನು ಮಾಡಿದಿರಿ ಬರೆದಿಡಿ. ರಾತ್ರಿ ಕೂತು ನೆನಪಿನಿಂದ ತುಂಬಿಸಬೇಡಿ, ನೆನಪು ಮೊಬೈಲ್ ನೋಡಿದ ಹೊತ್ತನ್ನು ನುಂಗಿಹಾಕುತ್ತೆ. ಆಮೇಲೆ ನೋಡಬೇಕಾದ್ದು ಎರಡೇ: ಯಾರೂ ಕರೆಯದ ಹೊತ್ತು ಯಾವುದು, ಮತ್ತು ಅಂದಾಜು ಎಲ್ಲಿ ತಪ್ಪುತ್ತಿದೆ. ಕಾನೆಮನ್ ಮತ್ತು ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಹೇಳಿದ್ದಾರೆ, ಕೆಲಸಕ್ಕೆ ಎಷ್ಟು ಹೊತ್ತು ಬೇಕು ಅಂತ ಊಹಿಸುವಾಗ ಹಿಂದಿನ ಸಲ ಎಷ್ಟಾಗಿತ್ತು ಅನ್ನೋದನ್ನು ಮನುಷ್ಯ ನೋಡೋದೇ ಇಲ್ಲ. ಮೋಟಾರಿನ ಬಿಡಿಭಾಗ ತರೋಕೆ ಗೋಣಿಕೊಪ್ಪಕ್ಕೆ "ಒಂದು ಗಂಟೆ" ಅಂತ ಹೊರಟವರು ಯಾವತ್ತಾದರೂ ಒಂದು ಗಂಟೆಯಲ್ಲಿ ಬಂದದ್ದುಂಟೇ? ಹಳೇ ದಾಖಲೆ ಇಲ್ಲದಿದ್ದರೆ ನಿಮ್ಮ ಅಂದಾಜಿಗೆ ಅರ್ಧದಷ್ಟು ಸೇರಿಸಿಕೊಳ್ಳಿ.

25 ನಿಮಿಷ ಕೆಲಸ, 5 ನಿಮಿಷ ವಿರಾಮ ಅನ್ನೋ ಪೊಮೊಡೊರೊ ಪದ್ಧತಿಯನ್ನು ಇಟಲಿಯ ಫ್ರಾಂಚೆಸ್ಕೊ ಚಿರಿಲ್ಲೊ 1980ರ ದಶಕದ ಕೊನೆಗೆ ರೂಪಿಸಿದ್ದು. ಥಿಯರಿ ಓದೋಕೆ ಸರಿ. ಆದರೆ ಕಾಸ್ಟ್ ಅಕೌಂಟಿಂಗ್‌ನ ದೊಡ್ಡ ಲೆಕ್ಕದ ನಡುವೆ ಗಂಟೆ ಹೊಡೆದರೆ ಎಳೆ ತಪ್ಪುತ್ತೆ, ಅಲ್ಲಿ 50 ನಿಮಿಷ ಕೂತು 10 ನಿಮಿಷ ಏಳಿ.

ಓದೋ ಕ್ರಮವೇ ತಪ್ಪಿದ್ದರೆ ಸಮಯ ಎಷ್ಟಿದ್ದರೂ ಸಾಲಲ್ಲ. ಗೆರೆ ಎಳೆದು ಮತ್ತೆ ಮತ್ತೆ ಓದೋದು ಬಿಡಿ. ಒಂದು ಸಲ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಿದ್ದಷ್ಟು ಬರೆದು, ಬಿಟ್ಟುಹೋದದ್ದನ್ನು ಪುಸ್ತಕ ತೆಗೆದು ಕೆಂಪು ಪೆನ್ನಿನಲ್ಲಿ ಸೇರಿಸಿ. ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ತೋರಿಸಿದಂತೆ, ಐದು ನಿಮಿಷ ಬಿಟ್ಟು ಕೇಳಿದರೆ ಮತ್ತೆ ಓದಿದವರೇ ಮುಂದೆ, ಒಂದು ವಾರ ಬಿಟ್ಟು ಕೇಳಿದರೆ ನೆನಪಿನಿಂದ ಬರೆದವರು ಮುಂದೆ. ಪರೀಕ್ಷೆ ಐದು ನಿಮಿಷ ಬಿಟ್ಟು ಇರಲ್ಲವಲ್ಲ. ಅದೇ ಹಾಳೆಯನ್ನು ಮಾರನೇ ದಿನ, ನಾಲ್ಕನೇ ದಿನ, ಹತ್ತನೇ ದಿನ ಮತ್ತೆ ಬರೀರಿ. ಕುಯ್ಲಿನ ಕಾಲದ 20 ನಿಮಿಷಕ್ಕೆ ಹೇಳಿ ಮಾಡಿಸಿದ ಕೆಲಸ ಇದು, ಹೊಸ ಪಾಠ ಬೇಡ.

ಮಳೆಗಾಲಕ್ಕೆ: ಕರೆಂಟ್ ಇರುವಾಗ ಪಾಠದ ವಿಡಿಯೊ ಇಳಿಸಿಟ್ಟುಕೊಳ್ಳಿ, ನೋಟ್ಸ್ ಮೇ ತಿಂಗಳಲ್ಲೇ ಪ್ರಿಂಟ್ ಮಾಡಿಸಿ. ಓದು ಹಗಲಲ್ಲೇ ಆಗಲಿ, ಹತ್ತರಿಂದ ಒಂದರವರೆಗೆ, ಕಿಟಕಿ ಪಕ್ಕ. ರಾತ್ರಿ ಎಮರ್ಜೆನ್ಸಿ ಲ್ಯಾಂಪ್ ನೆಚ್ಚಿಕೊಂಡರೆ ಮೂರನೇ ದಿನಕ್ಕೆ ಕೈಬಿಡ್ತೀರಿ. ಥಂಡಿ ಹಿಡಿದ ಹಾಳೆಯಲ್ಲಿ ಜೆಲ್ ಪೆನ್ ಹರಡುತ್ತೆ, ಬಾಲ್ ಪೆನ್ ಇಟ್ಟುಕೊಳ್ಳಿ. ಮೊಬೈಲ್ ಚಾರ್ಜರ್ ಮಲಗೋ ಕೋಣೆಯಿಂದ ಹೊರಗಿರಲಿ.

ಹಾತೂರಿನವನು:

ಮೇಷ್ಟ್ರೇ, ಹಗಲು ಮೂರು ಗಂಟೆ ಹೊತ್ತು ಇದೆ. ಆದರೆ ಮಳೆ ಜೋರಾಗಿರೋ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಎದ್ದು ಕೂರೋಕೇ ಬೇಜಾರು. ಅದಕ್ಕೂ ಟೈಮ್‌ಟೇಬಲ್ ಮದ್ದಾ?

ಮಡಿಕೇರಿ ಅಕ್ಕ:

ಇದಕ್ಕೆ ನಾನು ಹೇಳ್ತೀನಿ. ಮನಸ್ಸು ಬಂದ ಮೇಲೆ ಮಾಡೋಣ ಅಂತ ಕಾದರೆ ಮನಸ್ಸು ಬರಲ್ಲ. ಸಣ್ಣ ಕೆಲಸ ಮಾಡಿದರೆ ಅದರ ಹಿಂದೆ ಮನಸ್ಸು ಬರುತ್ತೆ. ಖಿನ್ನತೆಯ ಚಿಕಿತ್ಸೆಯಲ್ಲೂ ಈ ಕ್ರಮ ಬಳಸ್ತಾರೆ. ಏಳೋ ಸಮಯ ಒಂದೇ ಇರಲಿ, ಮಳೆ ಅಂತ ಒಂಬತ್ತರವರೆಗೆ ಮಲಗಬೇಡಿ. ಮೋಡ ಮುಸುಕಿದ ದಿನವೂ ಹೊರಗಿನ ಬೆಳಕು ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಾಲು ಹೆಚ್ಚು, ಎದ್ದ ಒಂದು ಗಂಟೆಯೊಳಗೆ ಕೊಡೆ ಹಿಡಿದು ಗದ್ದೆ ಬದಿಗೆ ಅರ್ಧ ಗಂಟೆ ನಡೆದು ಬನ್ನಿ. ಥಂಡಿಗೆ ಅಂತ ಸಂಜೆ ಹಾಕೋ ಪೆಗ್ಗು ನಿದ್ದೆ ಬೇಗ ಬರಿಸುತ್ತೆ, ನಡುರಾತ್ರಿಯ ನಂತರದ ನಿದ್ದೆ ಕೆಡಿಸುತ್ತೆ, ಮಾರನೇ ದಿನದ ಬೇಜಾರಿಗೂ ಸಿಡುಕಿಗೂ ಅದರ ಪಾಲಿದೆ. ಇದು ನಮ್ಮೂರಲ್ಲಿ ಹೇಳಿದರೆ ಯಾರಿಗೂ ಹಿಡಿಸಲ್ಲ.

ಆದರೆ ಬೇಜಾರು ಬೇರೆ, ಕಾಯಿಲೆ ಬೇರೆ. ಎರಡು ವಾರ ಬಿಡದೆ, ದಿನದ ಹೆಚ್ಚು ಹೊತ್ತು ಮನಸ್ಸು ಕುಗ್ಗಿದ್ದರೆ, ಇಷ್ಟದ ಕೆಲಸವೂ ಬೇಡವಾಗಿ ನಿದ್ದೆ-ಊಟ ಏರುಪೇರಾಗಿದ್ದರೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡ ಅನಿಸಿದರೆ ಎರಡು ವಾರ ಕಾಯೋದೂ ಬೇಡ, ಅವತ್ತೇ. ಟೆಲಿ ಮನಸ್ 14416 ಸರ್ಕಾರದ ಉಚಿತ ಸಹಾಯವಾಣಿ, 2022ರ ಅಕ್ಟೋಬರ್‌ನಿಂದ ಇದೆ, ಯಾವ ಹೊತ್ತಿಗೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಳೆಯಲ್ಲಿ ಮೊಬೈಲ್ ಟವರ್ ಕೈಕೊಡೋ ಕಡೆ ಇರೋರು ಸಿಗ್ನಲ್ ಎಲ್ಲಿ ಸಿಗುತ್ತೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ನಾಲ್ಕುನಾಡು:

ಒಂದು ಬಿಟ್ಟುಹೋಗಿತ್ತು, ವಾರದ ಲೆಕ್ಕ. ಅದನ್ನು ಆಳುಗಳಿಗೆ ರಜೆ ಇರೋ ಸಂತೆ ದಿನ ಬೆಳಿಗ್ಗೆ ಇಟ್ಟುಕೊಳ್ಳಿ. ಈ ವಾರ ಏನಾಯ್ತು, ಏನು ನಿಂತುಹೋಯ್ತು, ನಿಂತದ್ದಕ್ಕೆ ಹೊರಗಿನ ಕಾರಣ ಏನು (ಮಳೆ, ಆಳು, ಮದುವೆ), ಮುಂದಿನ ವಾರಕ್ಕೆ ಯಾವ ಮೂರು ಕೆಲಸ. ಒಂದೇ ಕೆಲಸ ಮೂರು ವಾರ ಮುಂದಕ್ಕೆ ಹೋಗ್ತಿದ್ದರೆ ಅದನ್ನು ತುಂಡು ಮಾಡಿ, ಇಲ್ಲಾಂದ್ರೆ ಹೊಡೆದುಹಾಕಿ, ನಾಲ್ಕನೇ ವಾರ ಮತ್ತೆ ನಕಲು ಮಾಡಬೇಡಿ. ಕಾಲು ಗಂಟೆಗಿಂತ ಹೆಚ್ಚು ಹಿಡಿದರೆ ಪಟ್ಟಿ ಉದ್ದವಾಗಿದೆ ಅಂತ ಲೆಕ್ಕ.